ಹಿಂದಿನ ಖೋಲಿಗೂ ವೈಫೈ ಮುಟ್ಟಬೇಕಾದರೆ: ರೌಟರ್ ಆಂಟೆನಾ ಬದಲಿಸುವ ಮಾರ್ಗದರ್ಶಿ

"ಪಡಸಾಲ್ಯಾಗ ಫುಲ್ ಬರತೈತ್ರಿ, ಹಿಂದಿನ ಖೋಲ್ಯಾಗ ನೆಟ್ ಹತ್ತವಲ್ದು." ಹುಬ್ಬಳ್ಳಿ-ಧಾರವಾಡದಲ್ಲಿ ಮನೆಮನೆಗೆ ಫೈಬರ್ ಬಂದ ಮೇಲೆ ಮತ್ತೆ ಮತ್ತೆ ಕೇಳುವ ಮಾತು ಇದು. ಅದರ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ: ದೊಡ್ಡ ಆಂಟೆನಾ ಹಾಕಿದರೆ ಸರಿಹೋಗುತ್ತಾ?

ಹೋಗಬಹುದು. ಆದರೆ ಎಲ್ಲ ಮನೆಗೂ ಅಲ್ಲ, ಎಲ್ಲ ರೌಟರಿಗೂ ಅಲ್ಲ. ಆಂಟೆನಾ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ರೌಟರ್ ಕೊಟ್ಟಷ್ಟೇ ಶಕ್ತಿಯನ್ನು ಒಂದು ದಿಕ್ಕಿಗೆ ಕಡಿಮೆ ಮಾಡಿ ಇನ್ನೊಂದು ದಿಕ್ಕಿಗೆ ಜಾಸ್ತಿ ಕೊಡುತ್ತದೆ, ಅಷ್ಟೇ. ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಮನೆಯನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಬೇಕು. ಯಾವ ಆಂಟೆನಾ ಬೇಕು, ಅಥವಾ ಬೇಕೇ ಇಲ್ಲವೋ, ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮೊದಲು ರೌಟರ್ ತಿರುಗಿಸಿ ನೋಡಿ

ಆಂಟೆನಾ ಬುಡದಲ್ಲಿ ಏನಿದೆ ನೋಡಿ. ಗೀರುಗೀರಾದ ಉಂಗುರ, ಅದರೊಳಗೆ ಹಿತ್ತಾಳೆ ಬಣ್ಣದ ಮರೆ (ಸ್ಕ್ರೂವಿನಂಥ ಸುತ್ತು) ಕಂಡರೆ ಆಂಟೆನಾ ಬಿಚ್ಚಿಬರುತ್ತದೆ. ಬರೀ ಪ್ಲಾಸ್ಟಿಕ್ ಕೀಲು ಇದ್ದು, ಸ್ವಲ್ಪ ತಿರುಗಿ ನಿಂತುಬಿಟ್ಟರೆ ಅದು ಒಳಗೇ ಜೋಡಿಸಿದ್ದು. ಬಲ ಹಾಕಬೇಡಿ, ಒಳಗಿನ ತಂತಿ ಹರಿಯುತ್ತದೆ.

ಫೈಬರ್ ಕಂಪನಿಯವರು ಕೊಡುವ ಬಹುತೇಕ ಡಬ್ಬಿಗಳಲ್ಲಿ ಆಂಟೆನಾ ಬಿಚ್ಚಲು ಬರುವುದಿಲ್ಲ. ಕೆಲವದರಲ್ಲಿ ಹೊರಗೆ ಆಂಟೆನಾ ಕಾಣುವುದೂ ಇಲ್ಲ. ಡಬ್ಬಿ ಬಿಚ್ಚಿ ಒಳಗಿನ ಪುಟ್ಟ ಕನೆಕ್ಟರಿಗೆ ಬೇರೆ ತಂತಿ ಸಿಕ್ಕಿಸುವ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಮನೆಯಲ್ಲಿ ಅದನ್ನು ಮಾಡಬೇಡಿ ಅನ್ನುವುದೇ ನನ್ನ ಸಲಹೆ. ಆ ಕನೆಕ್ಟರ್ ತುಂಬಾ ನಾಜೂಕು, ಪದೇ ಪದೇ ತೆಗೆದು ಹಾಕಲಿಕ್ಕೆ ಮಾಡಿದ್ದಲ್ಲ. ಮೇಲಾಗಿ ಆ ಡಬ್ಬಿ ಎಷ್ಟೋ ಸಲ ಕಂಪನಿಯದೇ ಆಗಿರುತ್ತದೆ, ನಿಮ್ಮದಲ್ಲ. ಇಂಥ ಮನೆಯವರು ಕಂಪನಿಯ ಡಬ್ಬಿಯನ್ನು ಹಾಗೇ ಬಿಟ್ಟು, ಅದರ ಲ್ಯಾನ್ ಪೋರ್ಟಿನಿಂದ ಒಂದು ಕೇಬಲ್ ಎಳೆದು, ಬಿಚ್ಚುವ ಆಂಟೆನಾ ಇರುವ ಬೇರೆ ರೌಟರನ್ನು ಮನೆಯ ನಡುವೆ ಇಡುವುದು ಒಳ್ಳೆಯದು.

ಅಳತೆ ಬರೆದುಕೊಳ್ಳಿ

ಫೋನಿನ ಮೇಲೆ ಕಾಣುವ ವೈಫೈ ಗೆರೆಗಳನ್ನು ನಂಬಬೇಡಿ. ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಥರದ ಉಚಿತ ಆಪ್‌ಗಳಿವೆ. ಅವು ಸಿಗ್ನಲ್ಲನ್ನು ಡಿಬಿಎಂ ಅಂಕಿಯಲ್ಲಿ ತೋರಿಸುತ್ತವೆ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. -50 ಅಂದರೆ ಬಹಳ ಚೆನ್ನಾಗಿದೆ. -67ರ ತನಕ ವಿಡಿಯೋ ಕಾಲ್ ಆರಾಮಾಗಿ ನಡೆಯುತ್ತದೆ. -75 ದಾಟಿದರೆ ತಡವರಿಸುತ್ತದೆ. -80ರ ಆಚೆ ಹೆಸರಿಗೆ ಮಾತ್ರ ಕನೆಕ್ಷನ್.

ಒಂದು ಹಾಳೆಯಲ್ಲಿ ಮನೆಯ ನಕ್ಷೆ ಗೀಚಿ. ಪಡಸಾಲೆ, ಅಡುಗೆಮನೆ, ಹಿಂದಿನ ಖೋಲಿ, ಮೇಲಿನ ಮಹಡಿ. ಪ್ರತಿ ಜಾಗದಲ್ಲಿ ಅದೇ ಫೋನನ್ನು ಅದೇ ರೀತಿ ಹಿಡಿದು ಅರ್ಧ ನಿಮಿಷ ನಿಂತು, ಹೆಚ್ಚು ಹೊತ್ತು ನಿಲ್ಲುವ ಅಂಕಿಯನ್ನು ಬರೆಯಿರಿ. ರೌಟರ್ ವೈಫೈ ಕೊಡುವ ಎರಡು ಬ್ಯಾಂಡ್, ಅಂದರೆ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್, ಎರಡನ್ನೂ ಬೇರೆ ಬೇರೆ ಬರೆಯಿರಿ. ಎರಡಕ್ಕೂ ಒಂದೇ ಹೆಸರಿದ್ದರೆ ರೌಟರ್ ಸೆಟ್ಟಿಂಗ್‌ನಲ್ಲಿ ಅಳತೆ ಮುಗಿಯುವ ತನಕ ಬೇರೆ ಹೆಸರು ಕೊಡಿ. ಇಲ್ಲದಿದ್ದರೆ ಫೋನ್ ಯಾವುದಕ್ಕೆ ಹತ್ತಿದೆ ಅನ್ನುವುದೇ ತಿಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಕಡ್ಡಾಯ. ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರವಾಗಿ ರೌಟರಿಗೆ ಜೋಡಿಸಿ ಸ್ಪೀಡ್ ನೋಡಿ. ಅಲ್ಲೇ ಕಡಿಮೆ ಬಂದರೆ ತೊಂದರೆ ಲೈನಿನಲ್ಲಿದೆ, ಯಾವ ಆಂಟೆನಾ ಹಾಕಿದರೂ ಅದು ಸರಿಹೋಗುವುದಿಲ್ಲ.

ಜಾಗ ಬದಲಿಸಿ ನೋಡಿ, ದುಡ್ಡು ಬೇಕಿಲ್ಲ

ಫೈಬರ್ ಹಾಕಲು ಬಂದವರು ತಂತಿ ಒಳಗೆ ಬರುವ ಕಿಟಕಿಯ ಪಕ್ಕದಲ್ಲೇ ಡಬ್ಬಿ ಕೂರಿಸಿ ಹೋಗುತ್ತಾರೆ. ಅದು ಸಾಮಾನ್ಯವಾಗಿ ರಸ್ತೆ ಕಡೆಯ ಗೋಡೆ. ಅಂದರೆ ಅರ್ಧ ಸಿಗ್ನಲ್ ಓಣಿಗೆ ಹೋಗುತ್ತದೆ. ಉದ್ದದ ಪ್ಯಾಚ್ ಕಾರ್ಡ್ (ಡಬ್ಬಿಗೆ ಸಿಕ್ಕಿಸುವ ತೆಳು ಫೈಬರ್ ತಂತಿ) ಹಾಕಿಸಿ ಡಬ್ಬಿಯನ್ನು ಮನೆಯ ನಡುವೆ, ಐದಾರು ಅಡಿ ಎತ್ತರಕ್ಕೆ ತಂದರೆ ಎಷ್ಟೋ ಮನೆಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಫೈಬರ್ ತಂತಿಯನ್ನು ಮೂಲೆಯಲ್ಲಿ ಕಡಕ್ಕಾಗಿ ಮಡಚಬೇಡಿ, ಒಳಗಿನ ಗಾಜಿನ ಎಳೆ ಮುರಿಯುತ್ತದೆ.

ನಮ್ಮ ಕಡೆ ಮನೆಗಳು ನಾನಾ ಥರ ಇವೆ, ಅದಕ್ಕೇ ಒಬ್ಬರ ಮನೆಯ ಪರಿಹಾರ ಇನ್ನೊಬ್ಬರಿಗೆ ಆಗುವುದಿಲ್ಲ. ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ ಹೆಂಚಿನ ಮನೆಗಳು ಇನ್ನೂ ಉಳಿದಿವೆ. ಅವುಗಳ ಗೋಡೆ ಮಣ್ಣು-ಕಲ್ಲಿನದು, ಒಂದೂವರೆ ಎರಡು ಅಡಿ ದಪ್ಪ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಬಹುತೇಕ ಮುಗಿದಿರುತ್ತದೆ. ಗೋಕುಲ ರಸ್ತೆ, ನವನಗರದ ಕಡೆಯ ಹೊಸ ಮನೆಗಳಲ್ಲಿ ಗೋಡೆ ತೆಳು. ಅಲ್ಲಿ ಅಡ್ಡಿ ಮಾಡುವುದು ತಲೆಮೇಲಿನ ಸ್ಲ್ಯಾಬ್, ಅದರಲ್ಲಿರುವ ಕಬ್ಬಿಣ.

ನೀರು ಕೂಡ ವೈಫೈಯನ್ನು ಹೀರಿಕೊಳ್ಳುತ್ತದೆ. ದಿನಾಲೂ ನಳ ಬಾರದ ಓಣಿಗಳಲ್ಲಿ ಮನೆಯೊಳಗೇ ಡ್ರಮ್ಮು, ಸಿಂಟೆಕ್ಸ್ ತುಂಬಿಟ್ಟಿರುತ್ತೇವೆ. ರೌಟರಿಗೂ ಖೋಲಿಗೂ ನಡುವೆ ಅವು ಸಾಲಾಗಿ ನಿಂತಿದ್ದರೆ ಅದೂ ಒಂದು ಗೋಡೆಯೇ. ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ಫ್ರಿಜ್, ತಗಡಿನ ಶೀಟು ಇವೆಲ್ಲ ಸಿಗ್ನಲ್ಲನ್ನು ತಿರುಗಿಸಿ ಕಳಿಸುತ್ತವೆ. ಟಿವಿ ಹಿಂದೆ ರೌಟರನ್ನು ಅಡಗಿಸಿ ಇಡುವುದು ನೋಡಲಿಕ್ಕೆ ಚೆಂದ, ಸಿಗ್ನಲ್ಲಿಗೆ ಕೆಟ್ಟದ್ದು.

ಇದರ ಜೊತೆಗೆ ಚಾನೆಲ್ಲನ್ನೂ, ಅಂದರೆ ಬ್ಯಾಂಡಿನೊಳಗೆ ನಿಮ್ಮ ರೌಟರ್ ಬಳಸುವ ಪಾಲನ್ನೂ, ನೋಡಿಬಿಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಕದ ಚಾನೆಲ್‌ಗಳು 1, 6, 11 ಮಾತ್ರ. ವಿದ್ಯಾನಗರದ ಅಪಾರ್ಟ್‌ಮೆಂಟು, ಪಿಜಿಗಳಲ್ಲಿ ಅದೇ ಆಪ್ ತೆರೆದರೆ ಹತ್ತಾರು ರೌಟರ್‌ಗಳು ಒಂದರ ಮೇಲೊಂದು ಬಿದ್ದಿರುವುದು ಕಾಣುತ್ತದೆ. ಆ ಮೂರರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಹಾಕಿ. ಸಿಗ್ನಲ್ ಚೆನ್ನಾಗಿದ್ದೂ ನೆಟ್ ನಿಧಾನ ಅಂದರೆ ಕಾರಣ ಬಹಳ ಸಲ ಈ ಗದ್ದಲವೇ.

ಇಷ್ಟೂ ಮಾಡಿ ಮತ್ತೆ ಅಳೆಯಿರಿ. ಹಿಂದಿನ ಖೋಲಿ ಇನ್ನೂ -72, -75ರಲ್ಲೇ ಇದ್ದರೆ ಆಂಟೆನಾ ವಿಚಾರ ಮಾಡಬಹುದು.

ಡಿಬಿಐ ಅಂದರೆ ಏನು, ಎಷ್ಟು ಬೇಕು

ಆಂಟೆನಾ ಶಕ್ತಿಯನ್ನು ಒಂದು ದಿಕ್ಕಿಗೆ ಎಷ್ಟು ಕೂಡಿಸಿ ಕೊಡುತ್ತದೆ ಅನ್ನುವ ಅಳತೆಯೇ ಡಿಬಿಐ. ರೌಟರಿನ ಕೋಲಿನಂಥ ಆಂಟೆನಾ ನೆಟ್ಟಗೆ ನಿಂತಾಗ ಸುತ್ತಲೂ ಚೆನ್ನಾಗಿ ಬೀರುತ್ತದೆ. ತುದಿಯ ನೇರಕ್ಕೆ, ಅಂದರೆ ತಲೆಮೇಲೆ ಮತ್ತು ಬುಡದ ಕೆಳಗೆ, ಬಹಳ ಕಡಿಮೆ. ಡಿಬಿಐ ಅಂಕಿ ದೊಡ್ಡದಾದಷ್ಟೂ ಸುತ್ತಲ ಹರವು ದೂರ ಹೋಗುತ್ತದೆ, ಮೇಲೆ-ಕೆಳಗೆ ಇನ್ನೂ ಕಡಿಮೆಯಾಗುತ್ತದೆ. ಜೋಳದ ರೊಟ್ಟಿ ಬಡಿದಂತೆ: ಹಿಟ್ಟು ಅಷ್ಟೇ, ಅಗಲವಾದಷ್ಟೂ ತೆಳುವಾಗುತ್ತದೆ.

ಮಹಡಿ ಇರುವ ಮನೆಯವರಿಗೆ ಇದು ಮುಖ್ಯ. ಕೆಳಗಿನ ಪಡಸಾಲೆಯಲ್ಲಿ 9 ಡಿಬಿಐ ಆಂಟೆನಾ ನೆಟ್ಟಗೆ ನಿಲ್ಲಿಸಿದರೆ ಹಿತ್ತಲ ತನಕ ಸಿಗ್ನಲ್ ಹೋಗಬಹುದು, ಆದರೆ ಸರಿಯಾಗಿ ಮೇಲಿರುವ ಮಲಗುವ ಕೋಣೆಯಲ್ಲಿ ಮೊದಲಿಗಿಂತ ಕಡಿಮೆಯಾಗಬಹುದು. ಒಂದೇ ನೆಲದ ಉದ್ದನೆಯ ಮನೆಗೆ 7ರಿಂದ 9 ಡಿಬಿಐ ಒಪ್ಪುತ್ತದೆ. ಎರಡು ಮಹಡಿಗೆ 5ರ ಆಸುಪಾಸೇ ಸಾಕು.

ಲೆಕ್ಕ ಸರಳ. ಡಿಬಿಎಂ ಆಗಲಿ ಡಿಬಿಐ ಆಗಲಿ, ಏರಿಳಿತವನ್ನು ಡಿಬಿಯಲ್ಲೇ ಹೇಳುತ್ತಾರೆ. 3 ಡಿಬಿ ಹೆಚ್ಚಿದರೆ ಆ ದಿಕ್ಕಿನಲ್ಲಿ ಶಕ್ತಿ ಎರಡು ಪಟ್ಟು. 6 ಡಿಬಿ ಹೆಚ್ಚಿದರೆ ಬಯಲಿನಲ್ಲಿ ದೂರ ಎರಡು ಪಟ್ಟು. ಮನೆಯೊಳಗೆ ಗೋಡೆಗಳಿರುವುದರಿಂದ ಅಷ್ಟು ಸಿಗುವುದಿಲ್ಲ. 5 ಡಿಬಿಐ ತೆಗೆದು 8 ಹಾಕಿದರೆ ಸಿಗುವುದು 3 ಡಿಬಿ. ಒಂದು ದಪ್ಪ ಕಲ್ಲಿನ ಗೋಡೆ ತಿನ್ನುವುದು ಅದಕ್ಕಿಂತ ಜಾಸ್ತಿ. ಆದರೆ -74ನ್ನು -70ಕ್ಕೆ ತರಬೇಕಾದ ಖೋಲಿಯಲ್ಲಿ ಅದೇ 3-4 ಡಿಬಿ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಆಂಟೆನಾ ಬದಲಿಸುವುದರಲ್ಲಿ ನನಗೆ ತುಂಬಾ ಹಿಡಿಸುವ ಗುಣ ಒಂದಿದೆ. ರೌಟರಿನ ಪವರ್ ಹೆಚ್ಚಿಸಿದರೆ ಅದು ಜೋರಾಗಿ ಮಾತಾಡುತ್ತದೆ ಅಷ್ಟೇ, ಫೋನ್ ಮೆಲ್ಲಗೆ ಹೇಳಿದ್ದು ಅದಕ್ಕೆ ಕೇಳುವುದಿಲ್ಲ. ಒಳ್ಳೆಯ ಆಂಟೆನಾ ಕಳಿಸುವಾಗಲೂ ಕೇಳುವಾಗಲೂ ಒಂದೇ ಸಮ ಸಹಾಯ ಮಾಡುತ್ತದೆ. ಮಕ್ಕಳ ಆನ್‌ಲೈನ್ ಕ್ಲಾಸಿನಲ್ಲಿ ಟೀಚರ್ ಮುಖ ಕಾಣುತ್ತದೆ, ಮಗುವಿನ ದನಿ ಮಾತ್ರ ಅವರಿಗೆ ಒಡೆದು ಕೇಳುತ್ತದೆ ಅನ್ನುವ ತೊಂದರೆಗೆ ಇದೇ ಸರಿಯಾದ ಮದ್ದು.

ಕೊಳ್ಳುವಾಗ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಸುತ್ತಮುತ್ತಲ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿ, ಇಲ್ಲವೇ ಆನ್‌ಲೈನ್ ತರಿಸಿ. ಎಲ್ಲೇ ಕೊಂಡರೂ ಹಳೆಯ ಆಂಟೆನಾ ಒಂದನ್ನು ಬಿಚ್ಚಿ ಕೈಯಲ್ಲಿಟ್ಟುಕೊಂಡು ಹೋಲಿಸಿ ನೋಡಿ.

ಎಲ್ಲಕ್ಕಿಂತ ಮೊದಲು ಕನೆಕ್ಟರ್. ಮನೆಯ ವೈಫೈ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್‌ಪಿ-ಎಸ್‌ಎಂಎ. ಅದರ ಅಣ್ಣನಂತೆ ಕಾಣುವ ಎಸ್‌ಎಂಎ ಬೇರೆ. ಎರಡರ ಮರೆಯೂ ಒಂದೇ ಅಳತೆ, ಎರಡೂ ಒಂದರೊಳಗೊಂದು ಕೂರುತ್ತವೆ, ಆದರೆ ನಡುವಿನ ಸೂಜಿ ತಪ್ಪು ಕಡೆ ಇರುತ್ತದೆ. ಆರ್‌ಪಿ-ಎಸ್‌ಎಂಎ ರೌಟರಿನಲ್ಲಿ ಸೂಜಿ ರೌಟರಿನ ಕಡೆ, ತೂತು ಆಂಟೆನಾ ಕಡೆ. ಎಸ್‌ಎಂಎ ಆಂಟೆನಾದಲ್ಲಿ ಸೂಜಿ ಆಂಟೆನಾ ಕಡೆಯೇ ಇರುತ್ತದೆ. ಎರಡನ್ನೂ ಬೆರೆಸಿದರೆ ಸೂಜಿಗೆ ಸೂಜಿ ತಾಕಿ ಬಾಗುತ್ತದೆ, ಅಥವಾ ತೂತಿಗೆ ತೂತು ಎದುರಾಗಿ ಸಂಪರ್ಕವೇ ಆಗುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿ ಕೂತಂತೆ ಕಾಣುತ್ತದೆ. ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಸಿಮ್ ಹಾಕುವ 4ಜಿ ರೌಟರ್ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಿ. ಅದರಲ್ಲಿ ಟವರ್ ಕಡೆಯ ಆಂಟೆನಾಕ್ಕೆ ಸಾಮಾನ್ಯವಾಗಿ ಎಸ್‌ಎಂಎ ಇರುತ್ತದೆ, ವೈಫೈ ಆಂಟೆನಾ ಬೇರೆಯೇ. ಟವರ್ ಸಿಗ್ನಲ್ ಕಡಿಮೆ ಇದ್ದರೆ ವೈಫೈ ಆಂಟೆನಾ ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದು, ರೌಟರಿನಲ್ಲಿ ಎರಡು ಬ್ಯಾಂಡ್ ಇದ್ದರೆ ಆಂಟೆನಾ ಮೇಲೂ 2.4 ಮತ್ತು 5 ಎರಡೂ ಬರೆದಿರಬೇಕು. ಬರೀ 2.4ರ ಆಂಟೆನಾ ಹಾಕಿದರೆ 5 ಗಿಗಾಹರ್ಟ್ಸ್ ಕೆಡುತ್ತದೆ. ಎಷ್ಟು ಆಂಟೆನಾ ಇವೆಯೋ ಅಷ್ಟನ್ನೂ ಒಂದೇ ಮಾದರಿಯಲ್ಲಿ ಬದಲಿಸಿ. ಈಗಿನ ರೌಟರ್‌ಗಳು ಎರಡು ಮೂರು ಆಂಟೆನಾಗಳನ್ನು ಒಟ್ಟಿಗೆ ಬಳಸಿ ಸ್ಪೀಡ್ ತೆಗೆಯುತ್ತವೆ.

ಮೂರನೆಯದು, ಉದ್ದಕ್ಕೂ ಅಂಕಿಗೂ ತಾಳೆ ನೋಡಿ. ಇಲ್ಲಿ ಮೋಸ ಜಾಸ್ತಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಸುತ್ತಲೂ ಬೀರುವ ಆಂಟೆನಾ ಹೆಚ್ಚು ಡಿಬಿಐ ಕೊಡಬೇಕಾದರೆ ಉದ್ದವಾಗಲೇಬೇಕು. 5 ಡಿಬಿಐ ಆಂಟೆನಾ ಸುಮಾರು 20 ಸೆಂಟಿಮೀಟರ್ ಇರುತ್ತದೆ, 9 ಡಿಬಿಐ ಅಂದರೆ 38-40 ಸೆಂಟಿಮೀಟರ್. ಗೇಣುದ್ದದ ಕೋಲಿನ ಮೇಲೆ 12, 18 ಡಿಬಿಐ ಅಂತ ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ನಾಲ್ಕನೆಯದು ತಂತಿ. ಅಯಸ್ಕಾಂತದ ಬುಡ ಮತ್ತು ಮೂರು ಮೀಟರ್ ತೆಳು ತಂತಿ ಇರುವ ಆಂಟೆನಾಗಳು ಅಗ್ಗಕ್ಕೆ ಸಿಗುತ್ತವೆ. ಆರ್‌ಜಿ-174 ಎಂಬ ಆ ತೆಳು ತಂತಿ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 2 ಡಿಬಿ ನುಂಗುತ್ತದೆ. ಮೂರು ಮೀಟರಿಗೆ 6 ಡಿಬಿ ಹೋಯಿತು, ಅಂದರೆ ಹೊಸ ಆಂಟೆನಾ ತಂದ ಲಾಭವೆಲ್ಲ ತಂತಿಗೇ. ಎಲ್‌ಎಂಆರ್-400ರಂಥ ದಪ್ಪ ತಂತಿ ಮೀಟರಿಗೆ ಕಾಲು ಡಿಬಿಯಷ್ಟೂ ತಿನ್ನುವುದಿಲ್ಲ, ಆದರೆ ಅದು ದುಬಾರಿ ಮತ್ತು ಬಾಗುವುದಿಲ್ಲ. ಕೇಬಲ್ ಟಿವಿಯ ತಂತಿ ಮನೆಯಲ್ಲಿ ಉಳಿದಿದೆಯಲ್ಲ ಅಂತ ಅದನ್ನು ಬಳಸಬೇಡಿ. ಅದರ ಮಾಪ ವೈಫೈಗೆ ಹೊಂದುವುದಿಲ್ಲ: ಅದು 75 ಓಮ್, ವೈಫೈಗೆ ಬೇಕಾದ್ದು 50 ಓಮ್.

ಜೋಡಿಸುವುದು

ರೌಟರ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ಆಂಟೆನಾ ಇಲ್ಲದೆ ರೌಟರ್ ಚಾಲೂ ಇದ್ದರೆ ಹೊರಹೋಗಬೇಕಾದ ಶಕ್ತಿ ತಿರುಗಿ ಒಳಗೇ ಬರುತ್ತದೆ, ಅದು ಒಳಗಿನ ಆಂಪ್ಲಿಫೈಯರಿಗೆ ಒಳ್ಳೆಯದಲ್ಲ. ಬುಡದ ಉಂಗುರವನ್ನು ಹಿಡಿದು ಎಡಕ್ಕೆ ತಿರುಗಿಸಿ. ಕೋಲನ್ನೇ ಹಿಡಿದು ತಿರುಗಿಸಿದರೆ ಕೀಲು ಮುರಿಯುತ್ತದೆ. ಹೊಸದನ್ನು ನೇರವಾಗಿಟ್ಟು ಬೆರಳಲ್ಲೇ ಬಿಗಿ ಮಾಡಿ. ಇಕ್ಕಳ ಬೇಡ. ಮರೆ ಒಂದೆರಡು ಸುತ್ತಿಗೇ ಬಿಗಿಯಾದರೆ ಓರೆಯಾಗಿ ಕೂತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಕೂರಿಸಿ. ಉದ್ದನೆಯ ಆಂಟೆನಾ ಭಾರಕ್ಕೆ ಹಗುರ ರೌಟರ್ ಹಿಂದಕ್ಕೆ ಬೀಳುತ್ತದೆ, ಹಾಗಾಗಿ ಗೋಡೆಗೆ ಸ್ಕ್ರೂ ಹಾಕಿ ತೂಗುಹಾಕುವುದು ಲೇಸು.

ಕೋನ ಹೇಗಿರಬೇಕು? ಒಂದೇ ನೆಲದ ಮನೆಗೆ ಎಲ್ಲವೂ ನೆಟ್ಟಗೆ. ಮೇಲೆ ಮಹಡಿ ಇದ್ದರೆ ಒಂದನ್ನು ಅಡ್ಡ ಮಲಗಿಸಿ, ಆಗ ಅದರ ಹರವು ಮೇಲಕ್ಕೂ ಹೋಗುತ್ತದೆ. ಮೂರು ಇದ್ದರೆ ನಡುವಿನದು ನೆಟ್ಟಗೆ, ಅಕ್ಕಪಕ್ಕದವು ಅರ್ಧ ಓರೆ. ನೀವು ಕೈಯಲ್ಲಿ ಹಿಡಿದ ಫೋನ್ ಯಾವಾಗಲೂ ನೆಟ್ಟಗೆ ಇರುವುದಿಲ್ಲವಲ್ಲ, ಬೇರೆ ಬೇರೆ ಕೋನದ ಆಂಟೆನಾ ಇದ್ದರೆ ಯಾವುದೋ ಒಂದು ಹೊಂದುತ್ತದೆ.

ಈಗ ಅದೇ ನಕ್ಷೆ, ಅದೇ ಫೋನ್, ಅದೇ ಜಾಗಗಳು. ಹೊಸ ಅಂಕಿಗಳನ್ನು ಪಕ್ಕದಲ್ಲೇ ಬರೆಯಿರಿ. ಒಂದೆರಡು ಡಿಬಿ ವ್ಯತ್ಯಾಸ ಜನ ಓಡಾಡಿದರೂ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರು ಡಿಬಿ ಅಥವಾ ಅದಕ್ಕಿಂತ ಹೆಚ್ಚು ಬಂದು, ಬೆಳಿಗ್ಗೆಯೂ ರಾತ್ರಿಯೂ ಹಾಗೇ ಉಳಿದರೆ ಆಂಟೆನಾ ಕೆಲಸ ಮಾಡಿದೆ. ಮಹಡಿಯ ಅಂಕಿ ಇಳಿದಿದ್ದರೆ ಕೋನ ಬದಲಿಸಿ ನೋಡಿ. ಎಲ್ಲ ಕಡೆಯೂ ಇಳಿದಿದ್ದರೆ ಕನೆಕ್ಟರ್ ತಪ್ಪಾಗಿದೆ, ಅಥವಾ ಆಂಟೆನಾ ಖೋಟಾ.

ಕಲ್ಲುಗೋಡೆಯ ಮನೆಗೆ ಕೇಬಲ್ಲೇ ಸರಿ

ಹಳೆಯ ಹೆಂಚಿನ ಮನೆ, ಮಾಳಿಗೆ ಮನೆಗಳಲ್ಲಿ ಇರುವವರಿಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ದಪ್ಪ ಗೋಡೆ ಎರಡು ಮೂರು ಇದ್ದರೆ ಆಂಟೆನಾ ಮೇಲೆ ದುಡ್ಡು ಹಾಕಬೇಡಿ. ಕ್ಯಾಟ್-6 ಲ್ಯಾನ್ ಕೇಬಲ್ ಎಳೆದು ಹಿಂದಿನ ಖೋಲಿಯಲ್ಲಿ ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲಿನಲ್ಲಿ ಬಂದ ನೆಟ್ಟನ್ನು ಅಲ್ಲೇ ವೈಫೈ ಮಾಡಿ ಕೊಡುವಂತೆ, ಇಡಿ. ಕೇಬಲ್ 100 ಮೀಟರ್ ತನಕ ಹೋಗುತ್ತದೆ, ನಮ್ಮ ಯಾವ ಮನೆಗೂ ಅದು ಸಾಕು. ಗೋಡೆ ಕೊರೆಯುವುದು ಬೇಡವಾದರೆ ಹೆಂಚಿನ ಕೆಳಗಿನ ಜಂತಿಯ ಪಕ್ಕದಲ್ಲೇ ತಂತಿ ಹೋಗುತ್ತದೆ. ಅಗ್ಗದ ರಿಪೀಟರ್‌ಗಿಂತ ಇದು ಎಷ್ಟೋ ಪಾಲು ಮೇಲು, ಯಾಕೆಂದರೆ ಸಾಮಾನ್ಯ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳುವುದರಲ್ಲಿ ಅರ್ಧ ಸಮಯ ಕಳೆಯುತ್ತದೆ.

ಮನೆ ಹೊರಗೆ ಸಿಗ್ನಲ್ ಕೊಡಬೇಕಾದರೆ

ಬ್ಯಾಡಗಿಯಲ್ಲಿ ಮನೆಯ ಹಿಂದೆ ಮೆಣಸಿನಕಾಯಿ ಗೋದಾಮು ಇರಬಹುದು, ಬೆಟಗೇರಿಯಲ್ಲಿ ಮಗ್ಗದ ಶೆಡ್ ಇರಬಹುದು, ಹೊಲದ ಮನೆಯಲ್ಲಿ ಕ್ಯಾಮೆರಾ ಇಡಬೇಕಾಗಿರಬಹುದು. ಆಗ ಬೇಕಾಗುವುದು ಒಂದೇ ದಿಕ್ಕಿಗೆ ಬೀರುವ ಪ್ಯಾನೆಲ್ ಆಂಟೆನಾ. ನಡುವೆ ಮರ, ಕಟ್ಟಡ ಇರಬಾರದು, ಒಂದು ತುದಿಯಿಂದ ಇನ್ನೊಂದು ಕಣ್ಣಿಗೆ ಕಾಣಬೇಕು. ಶೆಡ್ಡಿನ ಗೋಡೆ ತಗಡಿನದಾಗಿದ್ದರೆ ಆಂಟೆನಾ ಹೊರಗೇ ಇದ್ದು, ಅಲ್ಲಿಂದ ಕೇಬಲ್ ಒಳಗೆ ಹೋಗಬೇಕು.

ಇದಕ್ಕೆ ಮನೆಯ ರೌಟರಿಗೆ ಉದ್ದ ತಂತಿ ಕಟ್ಟುವುದಕ್ಕಿಂತ, ರೇಡಿಯೋ ಮತ್ತು ಆಂಟೆನಾ ಒಂದೇ ಡಬ್ಬಿಯಲ್ಲಿರುವ ಹೊರಾಂಗಣ ಸಾಧನದ ಜೋಡಿ ಕೊಳ್ಳಿ. ಲ್ಯಾನ್ ಕೇಬಲ್ಲೇ ಅದಕ್ಕೆ ಕರೆಂಟನ್ನೂ ಒಯ್ಯುತ್ತದೆ, ಆಂಟೆನಾ ತಂತಿಯ ನಷ್ಟವೇ ಇಲ್ಲ.

ಕಾನೂನಿನ ಮಿತಿಯೂ ಇದೆ. 2.4 ಗಿಗಾಹರ್ಟ್ಸ್ ಬಳಸಲು ಲೈಸೆನ್ಸ್ ಬೇಡ ಅಂತ ಹೇಳಿದ 2005ರ ಕೇಂದ್ರ ನಿಯಮದ ಪ್ರಕಾರ ಸಾಧನ ಕೊಡುವ ಶಕ್ತಿ 1 ವ್ಯಾಟ್, ಆಂಟೆನಾ ಸೇರಿಸಿ ಒಂದು ದಿಕ್ಕಿಗೆ ಬೀಳುವ ಶಕ್ತಿ 4 ವ್ಯಾಟ್ ಮೀರಬಾರದು. ಆಂಟೆನಾ ಕಟ್ಟಡದ ಮಾಳಿಗೆಯಿಂದ 5 ಮೀಟರಿಗಿಂತ ಎತ್ತರ ಹೋಗಬಾರದು. 100 ಮಿಲಿವ್ಯಾಟ್ ರೌಟರಿಗೆ 8 ಡಿಬಿಐ ಆಂಟೆನಾ ಹಾಕಿದರೆ ಸುಮಾರು 0.63 ವ್ಯಾಟ್ ಆಗುತ್ತದೆ, ಚಿಂತೆ ಇಲ್ಲ. 200 ಮಿಲಿವ್ಯಾಟ್ ಸಾಧನಕ್ಕೆ 14 ಡಿಬಿಐ ಪ್ಯಾನೆಲ್ ಹಾಕಿದರೆ 5 ವ್ಯಾಟ್ ಆಗಿ ಮಿತಿ ದಾಟುತ್ತದೆ. ಆಗ ಸೆಟ್ಟಿಂಗ್‌ನಲ್ಲಿ ಪವರ್ ಇಳಿಸಬೇಕು. 5 ಗಿಗಾಹರ್ಟ್ಸ್‌ಗೆ 2018ರ ನಿಯಮ ಬೇರೆ ಇದೆ, ಅದರಲ್ಲಿ ಬ್ಯಾಂಡಿನ ಒಂದೊಂದು ಭಾಗಕ್ಕೆ ಒಂದೊಂದು ಮಿತಿ. ಸೆಟ್ಟಿಂಗ್‌ನಲ್ಲಿ ದೇಶದ ಹೆಸರನ್ನು ಭಾರತ ಅಂತಲೇ ಇಡಿ, ಆದರೆ ನೀವು ಬದಲಿಸಿದ ಆಂಟೆನಾದ ಡಿಬಿಐ ಸಾಧನಕ್ಕೆ ತಾನಾಗಿ ತಿಳಿಯುವುದಿಲ್ಲ, ಆ ಲೆಕ್ಕ ನೀವೇ ನೋಡಬೇಕು.

ಮಾಳಿಗೆ ಮೇಲೆ ಏನೇ ಕಟ್ಟಿದರೂ ಸಿಡಿಲಿನ ವಿಚಾರ ಮರೆಯಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ಅಶ್ವಿನಿ, ಭರಣಿ ಮಳೆ ಗುಡುಗು ಸಿಡಿಲಿನ ಜೊತೆಗೇ ಬರುತ್ತವೆ. ಕಂಬಕ್ಕೆ ಅರ್ಥಿಂಗ್ ಕೊಡಿಸಿ, ಲ್ಯಾನ್ ಕೇಬಲಿಗೆ ಸರ್ಜ್ ಪ್ರೊಟೆಕ್ಟರ್ (ದಿಢೀರನೆ ನುಗ್ಗುವ ಕರೆಂಟನ್ನು ನೆಲಕ್ಕೆ ಬಿಡುವ ಸಾಧನ) ಹಾಕಿಸಿ. ಇಷ್ಟಿದ್ದರೂ ನೇರ ಸಿಡಿಲನ್ನು ತಡೆಯುವ ಗ್ಯಾರಂಟಿ ಯಾವುದಕ್ಕೂ ಇಲ್ಲ. ಮೋಡ ಕಟ್ಟಿದಾಗಲೇ ಕರೆಂಟ್ ಪ್ಲಗ್ ಜೊತೆಗೆ ಹೊರಗಿನಿಂದ ಬರುವ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ, ಮಾಳಿಗೆ ಹತ್ತಲೂ ಬೇಡಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಕಂಬದಿಂದ ಬರುವ ಕೇಬಲಿನ ಜೊತೆ ಉಕ್ಕಿನ ತಂತಿ ಇರಬಹುದು. ಅದನ್ನು ಹೊರಗೋಡೆಯಲ್ಲೇ ನಿಲ್ಲಿಸಬೇಕು, ಮನೆಯೊಳಗೆ ತರಬಾರದು. ಫೈಬರ್ ಹಾಕುವವರಿಗೆ ಹೇಳಿದರೆ ಮಾಡಿಕೊಡುತ್ತಾರೆ.

ಹೊರಗಿನ ಕನೆಕ್ಟರಿಗೆ ನೀರು ಇಳಿಯದಂತೆ ರಬ್ಬರಿನಂತೆ ಅಂಟಿಕೊಳ್ಳುವ ಟೇಪ್ ಸುತ್ತಿ. ಕೇಬಲ್ ಒಳಬರುವ ಮುನ್ನ ಕೆಳಕ್ಕೆ ಒಂದು ಬಾಗು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಟೇಪ್ ಬೇಗ ಸೀಳುತ್ತದೆ, ಹಾಗಾಗಿ ಪ್ರತಿ ವರ್ಷ ಮುಂಗಾರಿಗೆ ಮೊದಲು ಒಮ್ಮೆ ನೋಡಿ ಬದಲಿಸಿ. ಬಿಚ್ಚಿದ ಹಳೆಯ ಆಂಟೆನಾಗಳನ್ನು ಬಿಸಾಡಬೇಡಿ. ರೌಟರ್ ಗ್ಯಾರಂಟಿಗೆ ಹೋಗಬೇಕಾದರೆ, ಬಾಡಿಗೆಯದಾಗಿದ್ದು ಹಿಂದಿರುಗಿಸಬೇಕಾದರೆ ಅವೇ ಬೇಕಾಗುತ್ತವೆ. ಒಂದು ಕವರಿನಲ್ಲಿ ಹಾಕಿ, ಮೇಲೆ ರೌಟರಿನ ಮಾದರಿ ಬರೆದಿಟ್ಟುಕೊಳ್ಳಿ.